ಸಿಸ್ಟರಕ್ಕನ ಸ್ವಾಹಿಲಿ ಕ್ಲಾಸು

ಭದ್ರಾವತಿ ನ್ಯೂಟೌನ್‌ನಲ್ಲಿ ನಮ್ಮದು ಕಾರ್ಖಾನೆ ಕ್ವಾರ್ಟರ್ಸ್. ಎರಡು ಮನೆಗೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತದೆ, ಈ ಕಡೆ ಜಗಳವಾದರೆ ಆ ಕಡೆ ಟಿವಿ ಸೌಂಡು ಕಮ್ಮಿಯಾಗುತ್ತದೆ. ನಮ್ಮಪ್ಪ ಮತ್ತು ಪಕ್ಕದ ಮನೆ ಅಂಕಲ್ ಇಬ್ಬರೂ ವಿಐಎಸ್ಎಲ್‌ನಲ್ಲಿ ಒಂದೇ ಶಿಫ್ಟು. ಯುಗಾದಿಗೆ ನಮ್ಮನೆ ಒಬ್ಬಟ್ಟು ಅಲ್ಲಿಗೆ ಹೋಗುತ್ತಿತ್ತು, ಕ್ರಿಸ್‌ಮಸ್‌ಗೆ ಅವರ ಮನೆ ಮುರುಕು, ಕೇಕು ಇಲ್ಲಿಗೆ ಬರುತ್ತಿತ್ತು. ಆ ಮನೆಯ ಮಗಳೇ ನನ್ನ ಮೊದಲ ಟ್ಯೂಷನ್ ಟೀಚರ್. ನಾಲ್ಕನೇ ಕ್ಲಾಸಿನಲ್ಲಿ ನನಗೆ ಭಿನ್ನರಾಶಿ ತಲೆಗೆ ಹೋಗದೆ ಅಳುತ್ತಿದ್ದಾಗ, ಅವರಮ್ಮ ಮಾಡಿದ ಚಪಾತಿಯನ್ನು ನಾಲ್ಕು ತುಂಡು ಮಾಡಿ, 'ಒಂದು ತಿಂದರೆ ಎಷ್ಟು ಉಳೀತು ಹೇಳೇ' ಅಂದವಳು ಅವಳು.

ಅದೇ ವರ್ಷ ಅಕ್ಕ ಕಾನ್ವೆಂಟು ಸೇರಿದಳು. ಮೊದಲ ಸಲ ಬಿಳಿ ಉಡುಪು ತೊಟ್ಟು ಮನೆಗೆ ಬಂದಾಗ ಏನಂತ ಕರೆಯಬೇಕೋ ಗೊತ್ತಾಗದೆ, 'ಸಿಸ್ಟರಕ್ಕ' ಅಂದುಬಿಟ್ಟೆ. ಬೀದಿಗೆಲ್ಲ ಆ ಹೆಸರೇ ಉಳಿಯಿತು. ಆರು ವರ್ಷದಿಂದ ಸಿಸ್ಟರಕ್ಕ ಆಫ್ರಿಕಾದ ತಾಂಜಾನಿಯಾದಲ್ಲಿ ಗಣಿತದ ಟೀಚರ್. ರಾಜಧಾನಿ ದೊಡೊಮಾದಿಂದ ಬಸ್ಸಿನಲ್ಲಿ ಮೂರು ತಾಸು ದೂರದ ಹಳ್ಳಿ. ಮೂರು ವರ್ಷಕ್ಕೊಮ್ಮೆ ಊರಿಗೆ ರಜೆ.

ಕಳೆದ ಡಿಸೆಂಬರಿನಲ್ಲಿ ಬಂದಿದ್ದಳು. ಅವಳ ಮೇಲೆ ನನಗೆ ಸಿಟ್ಟಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಎರಡು ಗಂಟೆ ಅಂದರೆ ಎಂಟು ಗಂಟೆ

ನಾನು ಶಿವಮೊಗ್ಗದಲ್ಲಿ ಬಿ.ಇಡಿ. ಓದುತ್ತಿದ್ದೇನೆ. ದಿನಾ ಭದ್ರಾವತಿಯಿಂದ ಬಸ್ಸು. ಅವತ್ತು ಸಿಸ್ಟರಕ್ಕನಿಗೂ ಶಿವಮೊಗ್ಗದಲ್ಲಿ ಕೆಲಸವಿತ್ತು. ಇಬ್ಬರಿಗೂ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮಾಚೇನಹಳ್ಳಿ ದಾಟುವವರೆಗೆ ನಾನು ಮಾತಾಡಲಿಲ್ಲ. ಅವಳೇ ಶುರು ಮಾಡಿದಳು.

'ಹೋದ ಮೊದಲ ವಾರ ಏನಾಯ್ತು ಗೊತ್ತೇನೇ? ಊರಿನ ಹಿರಿಯರೊಬ್ಬರು ಸಾ ಂಬಿಲಿಗೆ ಮೀಟಿಂಗು, ಬನ್ನಿ ಅಂದ್ರು. ಸಾ ಅಂದ್ರೆ ಗಂಟೆ, ಂಬಿಲಿ ಅಂದ್ರೆ ಎರಡು. ನಾನು ಊಟ ಮುಗಿಸಿ ಮಧ್ಯಾಹ್ನ ಎರಡಕ್ಕೆ ಹೋದ್ರೆ ಅಲ್ಲಿ ಒಂದು ನಾಯಿನೂ ಇಲ್ಲ. ಬೆಳಿಗ್ಗೆ ಎಂಟಕ್ಕೇ ಮೀಟಿಂಗು ಮುಗಿದಿತ್ತು!'

ಅಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ, ನಮ್ಮ ಎಂಟು ಅವರಿಗೆ ಎರಡು. ಭೂಮಧ್ಯರೇಖೆಗೆ ಹತ್ತಿರದ ದೇಶ, ವರ್ಷವಿಡೀ ಹಗಲು ರಾತ್ರಿ ಹೆಚ್ಚು ಕಮ್ಮಿ ಒಂದೇ ಅಳತೆ. ಹಾಗಾಗಿ ಲೆಕ್ಕ ತಪ್ಪುವುದಿಲ್ಲ. 'ಯೋಚನೆ ಮಾಡಿದ್ರೆ ಅವರದ್ದೇ ಸರಿ ಕಣೇ. ನಮ್ಮಜ್ಜಿನೂ ಹೊತ್ತು ಹುಟ್ಟಿ ಇಷ್ಟು ಹೊತ್ತಾಯ್ತು ಅಂತ ತಾನೆ ಹೇಳ್ತಿದ್ದಿದ್ದು' ಅಂದಳು. ನನಗೆ ನಗು ಬಂತು, ತಡೆದುಕೊಂಡೆ.

ಅವಳ ದಿನ ಹೀಗೆ. ಬೆಳಿಗ್ಗೆ ಐದಕ್ಕೆ ಪ್ರಾರ್ಥನೆ. ಆಮೇಲೆ ನೀರು. ಅಲ್ಲಿ ಮಳೆ ಕಮ್ಮಿ, ಬೇಸಿಗೆಯಲ್ಲಿ ಹಳದಿ ಬಣ್ಣದ ಪ್ಲಾಸ್ಟಿಕ್ ಕ್ಯಾನು ಹಿಡಿದು ಸಾಲು ನಿಲ್ಲಬೇಕು. ಇತ್ತ ತುಂಗೆ ಅತ್ತ ಭದ್ರೆ ಅಂತ ಬೆಳೆದವಳಿಗೆ ಒಂದು ಕ್ಯಾನಿನಲ್ಲಿ ಸ್ನಾನ, ಅದೇ ನೀರಿನಲ್ಲಿ ನೆಲ ಒರೆಸುವುದು ಅಭ್ಯಾಸವಾಗಲು ಒಂದು ವರ್ಷ ಹಿಡಿಯಿತಂತೆ. ಏಳೂವರೆಗೆ ಶಾಲೆ. ಹಿರಿಯರು ಕಂಡರೆ ಮಕ್ಕಳು 'ಶಿಕಮೋ' ಅನ್ನಬೇಕು. ಕಾಲಿಗೆ ಬಿದ್ದೆ ಅನ್ನುವಂಥ ಮರ್ಯಾದೆಯ ಮಾತು. ಹಿರಿಯರು 'ಮರಹಬಾ' ಅಂತ ಉತ್ತರ ಕೊಡಬೇಕು. ಎಪ್ಪತ್ತರ ಹತ್ತಿರ ಮಕ್ಕಳು ಒಟ್ಟಿಗೆ ಎದ್ದು ನಿಂತು 'ಶಿಕಮೋ ಮ್ವಾಲಿಮು' ಅಂದರೆ ತಗಡಿನ ಮಾಡು ಅದುರುತ್ತದಂತೆ. ಮ್ವಾಲಿಮು ಅಂದರೆ ಮೇಷ್ಟ್ರು. ತಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆಯವರನ್ನು ಜನ ಇವತ್ತಿಗೂ ಕರೆಯುವುದು 'ಮ್ವಾಲಿಮು' ಅಂತಲೇ. ರಾಜಕೀಯಕ್ಕೆ ಬರುವ ಮೊದಲು ಅವರು ಮೇಷ್ಟ್ರಾಗಿದ್ದರು. ಅಧ್ಯಕ್ಷರಾದ ಮೇಲೂ ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕವನ್ನು ಸ್ವಾಹಿಲಿಗೆ ತಂದವರು.

ಮಧ್ಯಾಹ್ನದ ಊಟಕ್ಕೆ ಉಗಾಲಿ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಬೀನ್ಸ್ ಕಾಳು ಅಥವಾ ಮ್ಚಿಚಾ, ಅಂದರೆ ನಮ್ಮ ಹರಿವೆ ಸೊಪ್ಪು. 'ಮುದ್ದೆ ತಿಂದವಳಿಗೆ ಉಗಾಲಿ ಕಷ್ಟವಲ್ಲ. ಆದ್ರೆ ಅಲ್ಲಿ ಸಾರಿಲ್ಲ ಮಾರಾಯ್ತಿ. ಅಳೋ ಹಾಗಾಗಿದ್ದು ಅದಕ್ಕೆ!'

ಭಾಷೆ ಮಾತ್ರ ಬೇಗ ಒಲಿಯಿತಂತೆ. ಅದಕ್ಕೆ ಅವಳು ಕೊಡುವ ಕಾರಣ ನಮ್ಮ ಭದ್ರಾವತಿ. 1918ರಲ್ಲಿ ಇಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಶುರುವಾಯಿತು, 1936ರಲ್ಲಿ ಕಾಗದ ಕಾರ್ಖಾನೆ ಬಂತು. ತಮಿಳು, ತೆಲುಗು, ಮಲಯಾಳ, ಉರ್ದು ಎಲ್ಲ ಮಾತಿನವರೂ ಕೆಲಸ ಹುಡುಕಿಕೊಂಡು ಬಂದರು. ಅವಳ ತಾತನೂ ಹಾಗೆ ತಮಿಳುನಾಡಿನ ಕಡೆಯಿಂದ ಬಂದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು. ಐದನೆಯದಾಗಿ ಸ್ವಾಹಿಲಿ ಬಂದಾಗ ನಾಲಿಗೆ ಗಾಬರಿಯಾಗಲಿಲ್ಲ. ಅದರಲ್ಲೂ ಹಳೆಯ ಪರಿಚಯದವರು ಸಿಕ್ಕರು: ಚಾಯ್, ಚಪಾತಿ, ದುಡ್ಡಿಗೆ ಪೇಸಾ, ಅಂಗಡಿಗೆ ದುಕಾ, ಬಣ್ಣಕ್ಕೆ ರಂಗಿ, ಔಷಧಕ್ಕೆ ದಾವಾ. ಹಿಂದೂ ಮಹಾಸಾಗರದಲ್ಲಿ ಶತಮಾನಗಳಿಂದ ಓಡಾಡಿದ ಹಡಗುಗಳು ಸಾಮಾನಿನ ಜೊತೆ ಮಾತನ್ನೂ ಇಳಿಸಿ ಹೋಗಿವೆ. ತಕರಾರು ಇದ್ದದ್ದು ಬಹುವಚನದಲ್ಲಿ. ನಾವು 'ಗಳು' ಅಂತ ಕೊನೆಗೆ ಸೇರಿಸಿದರೆ ಅವರು ಮುಂದಿನ ಅಕ್ಷರವನ್ನೇ ಬದಲಾಯಿಸುತ್ತಾರೆ. ಒಂದಿದ್ದರೆ ಕಿತಾಬು, ಹೆಚ್ಚಿದ್ದರೆ ವಿತಾಬು!

ಅದೇ ಗಂಟಲು, ಅದೇ ಭಯ

ಅವಳ ಶಾಲೆಗೆ ಬರುವ ಮಕ್ಕಳು ಏಳನೇ ಕ್ಲಾಸಿನವರೆಗೆ ಸ್ವಾಹಿಲಿಯಲ್ಲೇ ಕಲಿತವರು. ಹೈಸ್ಕೂಲಿಗೆ ಬಂದ ದಿನದಿಂದ ಎಲ್ಲವೂ ಇಂಗ್ಲಿಷ್. ನಿನ್ನೆಯವರೆಗೆ ಕ್ಲಾಸಿಗೆ ಫಸ್ಟ್ ಬರುತ್ತಿದ್ದ ಹುಡುಗಿ ಇವತ್ತು ಬಾಯಿ ಬಿಡುವುದಿಲ್ಲ.

ಇದನ್ನು ಕೇಳಿದಾಗ ನಾನು ಮೊದಲ ಸಲ ಅವಳ ಕಡೆ ತಿರುಗಿದೆ. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್ ಸೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಿಸಿಕ್ಸ್ ಕ್ಲಾಸಿನಲ್ಲಿ 'ವೆಲಾಸಿಟಿ' ಅಂದಾಗ, ಅದು ನನಗೆ ಚೆನ್ನಾಗಿ ಗೊತ್ತಿದ್ದ 'ವೇಗ' ಅಂತ ತಿಳಿಯಲು ಮೂರು ದಿನ ಬೇಕಾಗಿತ್ತು. ಆ ಮೂರು ದಿನ ನಾನು ದಡ್ಡಿ ಅಂತಲೇ ಅಂದುಕೊಂಡಿದ್ದೆ. ಸಿಸ್ಟರಕ್ಕನೂ ಕನ್ನಡ ಮೀಡಿಯಂ. ಪಿಯುಸಿಯ ಮೊದಲ ಟೆಸ್ಟಿನಲ್ಲಿ ಗಣಿತದಲ್ಲೇ ಫೇಲಾದವಳು.

'ಅವರ ಮುಖ ನೋಡಿದಾಗೆಲ್ಲ ನನ್ನ ಮುಖಾನೇ ಕಾಣ್ತಿತ್ತು' ಅಂದಳು. ಹಾಗಾಗಿ ಅವಳು ಪಾಠ ನಿಲ್ಲಿಸಿ ಒಂದು ಕೆಲಸ ಮಾಡಿದಳು. ಪ್ರತಿ ಮಗುವಿಗೂ ಒಂದು ನೋಟ್‌ಬುಕ್. ಎಡಗಡೆ ಸ್ವಾಹಿಲಿ ಪದ, ಬಲಗಡೆ ಇಂಗ್ಲಿಷ್, ಕೆಳಗೆ ಚಿತ್ರ. ಪದ ಹೇಳಬೇಕಾದವರು ಮಕ್ಕಳು, ಬರೆದುಕೊಳ್ಳಬೇಕಾದವಳು ಟೀಚರ್. ತ್ರಿಕೋನಕ್ಕೆ ಅವರು 'ಪೆಂಬೆತಾತು' ಅಂದರು. ಪೆಂಬೆ ಅಂದರೆ ಕೋನ, ತಾತು ಅಂದರೆ ಮೂರು. ಪೆಂಬೆ ಅಂದರೆ ಕೊಂಬು ಅಂತಲೂ ಅರ್ಥ ಇದೆ. ಮಕ್ಕಳು ಮೂರು ಕೊಂಬಿನ ದನದ ಚಿತ್ರ ಬರೆದು ನಕ್ಕರು. 'ನೋಡು, ನಮ್ಮ ತ್ರಿಕೋನನೂ ಅವರ ಪೆಂಬೆತಾತುನೂ ಒಂದೇ ಥರ ಕಟ್ಟಿದ ಪದ. ಇಂಗ್ಲಿಷ್ ಪದಾನೂ ಹಾಗೇ ಕಟ್ಟಿದ್ದು ಅಂತ ತೋರಿಸಿದೆ. ಹೆದರಿಕೆ ಅರ್ಧ ಹೋಯ್ತು.'

ಆ ಹೊತ್ತಿಗೆ ಮಲವಗೊಪ್ಪ ದಾಟಿತ್ತು. ನನಗೆ ಕಿಟೆಲ್ ನೆನಪಾದರು.

ನಮ್ಮೂರಿಗೆ ಬಂದ ಪರದೇಶದ ಮೇಷ್ಟ್ರುಗಳು

ಭಾಷಾ ಬೋಧನೆಯ ಸೆಮಿನಾರಿಗೆ ನನಗೆ ಸಿಕ್ಕ ವಿಷಯ ಫರ್ಡಿನೆಂಡ್ ಕಿಟೆಲ್. ಬೆಂಗಳೂರಿನ ಎಂ.ಜಿ. ರಸ್ತೆಯ ಪ್ರತಿಮೆ, ದಪ್ಪ ನಿಘಂಟು, ಇಷ್ಟು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ. ಓದುತ್ತ ಹೋದಂತೆ ಆಶ್ಚರ್ಯ.

1832ರಲ್ಲಿ ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದ ಹುಡುಗ. 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಇಲ್ಲಿಗೆ ಬಂದಾಗ ವಯಸ್ಸು 21. ನನಗಿಂತ ಎರಡು ವರ್ಷ ಚಿಕ್ಕವರು! ಧಾರವಾಡ, ಮಂಗಳೂರು, ಮಡಿಕೇರಿ ಅಂತ ಓಡಾಡುತ್ತ, ಪಾಠ ಹೇಳುತ್ತ, ಜನರ ಬಾಯಿಂದ ಮಾತು, ಗಾದೆ ಕೇಳಿ ಬರೆದುಕೊಂಡರು. ಹಳಗನ್ನಡ ಓದಿದರು. ಕೇಶಿರಾಜನ 'ಶಬ್ದಮಣಿದರ್ಪಣ', ನಾಗವರ್ಮನ 'ಛಂದೋಂಬುಧಿ'ಯನ್ನು ಅಚ್ಚು ಹಾಕಿಸಿದರು. 1894ರಲ್ಲಿ ಹೊರಬಂದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಬಂದದ್ದು ಇಪ್ಪತ್ತೊಂದಕ್ಕೆ, ಪುಸ್ತಕ ಮುಗಿದಾಗ ಅರವತ್ತು ದಾಟಿತ್ತು.

ಅವರಿಗಿಂತ ಮೊದಲೇ, 1836ರಲ್ಲಿ ಬಂದವರು ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ. ಇವತ್ತಿಗೂ ನಾವು ಪತ್ರಿಕಾ ದಿನ ಆಚರಿಸುವುದು ಆ ತಾರೀಖಿಗೆ. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೂ ಇದೇ ಮಿಷನ್. ಹೊಸನಗರದ ನಮ್ಮಜ್ಜಿ ಮನೆಯ ಮಾಡಿನ ಮೇಲಿರುವುದೂ ಮಂಗಳೂರು ಹೆಂಚೇ.

ಅವರು ಬಂದದ್ದು ನಿಘಂಟು ಬರೆಯಲಿಕ್ಕಲ್ಲ, ಧರ್ಮ ಹೇಳಲಿಕ್ಕೆ. ಅದನ್ನು ಮುಚ್ಚಿಡುವುದು ಬೇಡ. ಸೆಮಿನಾರಿನಲ್ಲಿ ಗೆಳೆಯನೊಬ್ಬ ಇದೇ ಪ್ರಶ್ನೆ ಎತ್ತಿದ. ನಾನು ತಡವರಿಸಿದೆ. ಬಸ್ಸಿನಲ್ಲಿ ಅದೇ ಪ್ರಶ್ನೆಯನ್ನು ಸಿಸ್ಟರಕ್ಕನಿಗೆ ಕೇಳಿದೆ.

'ನಾನು ಹೋಗಿರೋದೂ ನನ್ನ ನಂಬಿಕೆಯಿಂದಾನೇ. ಇಲ್ಲ ಅಂದ್ರೆ ಸುಳ್ಳಾಗುತ್ತೆ' ಅಂದಳು. 'ಆದ್ರೆ ನನ್ನ ಕ್ಲಾಸಲ್ಲಿ ಮುಸ್ಲಿಂ ಮಕ್ಕಳಿದ್ದಾರೆ, ಬೇರೆ ಬೇರೆ ಚರ್ಚಿನವರಿದ್ದಾರೆ. ಭಿನ್ನರಾಶಿ ಎಲ್ಲರಿಗೂ ಅಷ್ಟೇ ಕಷ್ಟ. ಬೆಳಿಗ್ಗೆ ಐದಕ್ಕೆ ನನ್ನ ಪ್ರಾರ್ಥನೆ. ಎಂಟಕ್ಕೆ ಛೇದ, ಅಂಶ.'

ಈ ಉತ್ತರ ಎಲ್ಲರಿಗೂ ಸಾಕಾಗಲಿಕ್ಕಿಲ್ಲ. ನನಗೆ ಅದು ಪ್ರಾಮಾಣಿಕ ಅನ್ನಿಸಿತು.

ಕಿಟೆಲ್ ಬಗ್ಗೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಘಂಟಿನ ಪುಟಗಳಲ್ಲ, ಮನೆಯ ವಿಷಯ. 1864ರಲ್ಲಿ ಅವರ ಹೆಂಡತಿ ಪೌಲಿನ್ ತೀರಿಕೊಂಡರು. ಮುಂದೆ ಆಕೆಯ ಸೋದರಿಯನ್ನೇ ಮದುವೆಯಾದರು. ಬಾಸೆಲ್ ಮಿಷನ್ನಿನಲ್ಲಿ ಮದುವೆಗೂ ಸಮಿತಿಯ ಒಪ್ಪಿಗೆ ಬೇಕು. ಕಿಟೆಲ್ ಹಡಗು ಹತ್ತಿದ 1853ರಲ್ಲೇ ಇನ್ನೊಂದು ನಿಯಮ ಬಂತು: ಮಿಷನರಿಗಳ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳಿಸಬೇಕು. ಅಪ್ಪ ಅಮ್ಮ ಇಲ್ಲಿ, ಮಕ್ಕಳು ಅಲ್ಲಿಯ ಮಕ್ಕಳ ಮನೆಯಲ್ಲಿ. ಮಧ್ಯೆ ತಿಂಗಳುಗಟ್ಟಲೆ ಹಡಗಿನಲ್ಲಿ ಬರುವ ಕಾಗದ. ಇಲ್ಲಿಯ ಮಕ್ಕಳಿಗೆ ಅ ಆ ಇ ಈ ಕಲಿಸುತ್ತಿದ್ದ ಅಪ್ಪಂದಿರಿಗೆ ಸ್ವಂತ ಮಕ್ಕಳು ಓದಲು ಕಲಿತದ್ದನ್ನು ನೋಡಲಿಕ್ಕಾಗಲಿಲ್ಲ. ಮಲಯಾಳಂ ನಿಘಂಟು ಬರೆದ ಹರ್ಮನ್ ಗುಂಡರ್ಟರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಆ ನಿಯಮ ಬರುವ ಮೊದಲೇ ಚಿಕ್ಕಂದಿನಲ್ಲಿ ಅವಳನ್ನೂ ಯುರೋಪಿನಲ್ಲಿ ಬಿಟ್ಟು ಬಂದಿದ್ದರು. ಮುಂದೆ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆಯ ತಾಯಿ ಅವಳೇ.

ಇದನ್ನು ಓದಿದ ರಾತ್ರಿ ನನಗೆ ಪಕ್ಕದ ಮನೆ ಅಂಕಲ್ ನೆನಪಾಗಿ ನಿದ್ದೆ ಬರಲಿಲ್ಲ.

ನೆಟ್‌ವರ್ಕ್ ಹೋದ ಆ ನಿಮಿಷ

ಅಂಕಲ್ ತೀರಿಕೊಂಡದ್ದು ಜುಲೈನಲ್ಲಿ. ಜೋರು ಮಳೆ. ಸಿಸ್ಟರಕ್ಕನ ಪಾಸ್‌ಪೋರ್ಟ್ ವಾಸದ ಪರವಾನಗಿ ನವೀಕರಣಕ್ಕೆ ಹೋಗಿತ್ತು, ಕೈಯಲ್ಲಿರಲಿಲ್ಲ. ಇದ್ದಿದ್ದರೂ ಆ ಹಳ್ಳಿಯಿಂದ ಹೊರಟು ಭದ್ರಾವತಿ ಮುಟ್ಟಲು ಎರಡು ದಿನ. ಆಂಟಿ ಕಾಯುವುದು ಬೇಡ ಅಂದರು. ಮನೆಯಲ್ಲಿ ವಿಡಿಯೊ ಕಾಲ್ ಮಾಡಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನು. ಮನೆಯಿಂದ ಚರ್ಚಿಗೆ, ಚರ್ಚಿನಿಂದ ಸಿಮಿಟ್ರಿಗೆ ಅವಳನ್ನು ಹಾಗೆಯೇ ಕರೆದುಕೊಂಡು ಹೋದೆ. ಇಲ್ಲಿ ಸಂಜೆ ನಾಲ್ಕು, ಅಲ್ಲಿ ಮಧ್ಯಾಹ್ನ ಒಂದೂವರೆ. ಅವಳ ಹಿಂದೆ ಶಾಲೆಯ ಗೋಡೆ ಕಾಣುತ್ತಿತ್ತು.

ಪೆಟ್ಟಿಗೆ ಕೆಳಗಿಳಿಸುವಾಗ ಸರಿಯಾಗಿ ನೆಟ್‌ವರ್ಕ್ ಹೋಯಿತು. ಪರದೆಯ ಮೇಲೆ ಅವಳ ಮುಖ ನಿಂತುಬಿಟ್ಟಿತು. ಬಾಯಿ ಸ್ವಲ್ಪ ತೆರೆದಿತ್ತು. ನಾನು ಮಳೆಯಲ್ಲಿ ಅತ್ತ ಇತ್ತ ಓಡಾಡಿ ಫೋನು ಎತ್ತಿ ಹಿಡಿದೆ. ಸಿಗ್ನಲ್ ಬರುವಷ್ಟರಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಮುಗಿದಿತ್ತು.

ಅವತ್ತು ನನಗೆ ಬಂದ ಸಿಟ್ಟು ನೆಟ್‌ವರ್ಕಿನ ಮೇಲಲ್ಲ, ಅವಳ ಮೇಲೆ. ಯಾರದೋ ಊರಿನ ಎಪ್ಪತ್ತು ಮಕ್ಕಳಿಗೆ ಟೀಚರು, ಸ್ವಂತ ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕಲಿಕ್ಕಿಲ್ಲ. ನಮ್ಮೂರಿನ ಶಾಲೆಗಳಲ್ಲಿ ಪಾಠ ಹೇಳುವವರು ಬೇಡವಾ? ಅಷ್ಟು ದೂರ ಯಾಕೆ ಹೋಗಬೇಕಿತ್ತು?

ಗಾಂಧಿ ಬಜಾರಿನಲ್ಲಿ ಸಾಂಬಾರು ಪುಡಿ, ಬ್ಯಾಡಗಿ ಮೆಣಸಿನಕಾಯಿ, ಕುಕ್ಕರ್ ಗ್ಯಾಸ್ಕೆಟ್, ಎರಡು ಡಜನ್ ಜಿಯಾಮೆಟ್ರಿ ಬಾಕ್ಸು ಕೊಂಡು, ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಇದನ್ನೆಲ್ಲ ಕೇಳಿಯೇಬಿಟ್ಟೆ. ಕೇಳಿದ ಮೇಲೆ ಕೈ ನಡುಗುತ್ತಿತ್ತು.

ಅವಳು ಕೂಡಲೇ ಮಾತಾಡಲಿಲ್ಲ. ಆಮೇಲೆ ಹೇಳಿದಳು: 'ಅವತ್ತು ಕಾಲ್ ಕಟ್ಟಾದಾಗ ನಾನು ಅಲ್ಲೇ ಕೂತುಬಿಟ್ಟೆ. ಮಕ್ಕಳು ಬಂದ್ರು. ಅಲ್ಲಿ ಯಾರಿಗಾದ್ರೂ ನೋವಾದ್ರೆ 'ಪೊಲೆ' ಅಂತಾರೆ. ನಿನ್ನ ಕಷ್ಟ ಗೊತ್ತಾಯ್ತು ಅಂತ. ಎಲ್ಲರೂ ಒಬ್ಬೊಬ್ಬರಾಗಿ ಬಂದು 'ಪೊಲೆ ಮ್ವಾಲಿಮು' ಅಂದ್ರು. ಸಂಜೆ ಊರಿನ ಹೆಂಗಸರು ಹಿಟ್ಟು, ಸಕ್ಕರೆ, ಸೌದೆ ತಂದು ಕಾನ್ವೆಂಟಿನ ಅಂಗಳದಲ್ಲಿ ಕೂತ್ರು. ನಮ್ಮಪ್ಪನ್ನ ನೋಡಿದವರಲ್ಲ. ರಾತ್ರಿ ಇಡೀ ಕೂತಿದ್ರು.'

ಕಾಫಿ ಲೋಟ ಕೆಳಗಿಟ್ಟಳು. 'ನೀನು ಕೇಳಿದ್ದು ಸರಿ. ನನ್ನ ಹತ್ರ ಉತ್ತರ ಇಲ್ಲ. ಅಪ್ಪ ನನಗೆ ಹೋಗು ಅಂದ್ರು. ಅವರಪ್ಪನೂ ಊರು ಬಿಟ್ಟು ಇಲ್ಲಿಗೆ ಬಂದವರು. ತಾತನ ಅಮ್ಮ ಸತ್ತಾಗ ತಾತಂಗೆ ಕಾಗದ ಸಿಕ್ಕಿದ್ದು ಹದಿನೈದು ದಿನ ಆದ್ಮೇಲೆ. ನನಗೆ ನೀನು ಫೋನು ಹಿಡಿದೆ. ಅದನ್ನ ನಾನು ಮರೆಯಲ್ಲ ಪುಟ್ಟಿ. ಆದ್ರೆ ಆ ಒಂದು ನಿಮಿಷ ಹೋಯ್ತು, ಅದು ವಾಪಸ್ ಬರಲ್ಲ. ಅಷ್ಟೇ.'

ಅವಳು ತನ್ನನ್ನು ಸಮರ್ಥಿಸಿಕೊಂಡಿದ್ದರೆ ನಾನು ಜಗಳ ಆಡುತ್ತಿದ್ದೆನೇನೋ. ಅವಳು ಹಾಗೆ ಮಾಡಲಿಲ್ಲ.

ಈಗ ನನ್ನ ಸರದಿ

ಸಿಟ್ಟಿನ ಹಿಂದೆ ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಬೇಕು. ನಾನೇ ಹೊರಡುವ ಯೋಚನೆಯಲ್ಲಿದ್ದೆ. ಸೀನಿಯರ್ ಒಬ್ಬರು ಮಾಲ್ಡೀವ್ಸ್‌ನ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದಾರೆ. ಪರೀಕ್ಷೆ ಮುಗಿದ ಕೂಡಲೇ ಅರ್ಜಿ ಹಾಕು ಅಂತ ಹೇಳುತ್ತಲೇ ಇದ್ದಾರೆ. ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ಒಂದು ಕಾಲದಲ್ಲಿ ಪತ್ರಿಕೆಗಳು ಅಚ್ಚಾಗುವ ಕಾಗದ ನಮ್ಮೂರಲ್ಲೇ ತಯಾರಾಗುತ್ತಿತ್ತು. ಅಪ್ಪನ ಕಬ್ಬಿಣದ ಕಾರ್ಖಾನೆಗೂ ಇಂದು ನಾಳೆ ಅನ್ನುವ ಸ್ಥಿತಿ. ತಾತಂದಿರು ಕೆಲಸ ಹುಡುಕಿಕೊಂಡು ಬಂದ ಊರಿನಿಂದ ಮೊಮ್ಮಕ್ಕಳು ಕೆಲಸ ಹುಡುಕಿಕೊಂಡು ಹೊರಡುತ್ತಿದ್ದೇವೆ. ನನ್ನದು ಸೇವೆಯಲ್ಲ, ಸಂಬಳಕ್ಕೆ. ಆದರೆ ಅಮ್ಮನ ಪಾಲಿಗೆ ಎರಡೂ ಒಂದೇ: ಮಗಳು ಮನೆಯಲ್ಲಿಲ್ಲ.

'ಹೋಗ್ಲಾ ಬೇಡ್ವಾ ಅಕ್ಕ?' ಅಂತ ವಾಪಸ್ ಬಸ್ಸಿನಲ್ಲಿ ಕೇಳಿದೆ.

'ಅದು ನಾನು ಹೇಳೋದಲ್ಲ' ಅಂದಳು. 'ಹೋಗೋದಾದ್ರೆ ಎರಡು ಕೆಲಸ ಮುಗಿಸಿ ಹೋಗು. ಅಮ್ಮಂಗೆ ವಿಡಿಯೊ ಕಾಲ್ ಮಾಡೋದು ಕಲಿಸು. ಬೇರೆಯವರು ಹಚ್ಚಿ ಕೊಡೋದಲ್ಲ, ಅವರೇ ಮಾಡಬೇಕು. ಆಮೇಲೆ ಪಕ್ಕದ ಮನೇಲಿ ಫೋನು ಹಿಡಿಯೋರು ಒಬ್ಬರಾದ್ರೂ ಇದ್ದಾರಾ ನೋಡ್ಕೋ. ಇಲ್ಲ ಅಂದ್ರೆ ಹೋಗಬೇಡ.'

ಜನವರಿಯಲ್ಲಿ ಅಲ್ಲಿ ಹೊಸ ಶೈಕ್ಷಣಿಕ ವರ್ಷ. ವರ್ಷದ ಮೊದಲ ವಾರವೇ ಅವಳು ಹೊರಟಳು. ಸೂಟ್‌ಕೇಸ್ ತೂಕ ಹೆಚ್ಚಾಗಿ ಸ್ವೆಟರ್ ಇಲ್ಲೇ ಉಳಿಯಿತು, ಜಿಯಾಮೆಟ್ರಿ ಬಾಕ್ಸು ಹೋದವು. ಹೊರಡುವ ಬೆಳಿಗ್ಗೆ ಸಿಮಿಟ್ರಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಆರು ತಿಂಗಳಲ್ಲಿ ಹುಲ್ಲು ಬೆಳೆದಿತ್ತು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಅಲ್ಲೇ ಹಾಕಿ, ಕೈ ಒರೆಸಿಕೊಂಡಳು. ಇಬ್ಬರೂ ಮಾತಾಡಲಿಲ್ಲ.

ಅಮ್ಮನಿಗೆ ವಿಡಿಯೊ ಕಾಲ್ ಕಲಿಸಲು ಒಂದು ವಾರ ಹಿಡಿಯಿತು. ಈಗ ಕ್ಯಾಮೆರಾದಲ್ಲಿ ಹಣೆ ಮಾತ್ರ ಕಾಣುತ್ತದೆ, ಆದರೂ ಅವರೇ ಮಾಡುತ್ತಾರೆ. ಆಂಟಿಯೂ ಕಲಿಯುತ್ತಿದ್ದಾರೆ. ಭಾನುವಾರ ರಾತ್ರಿ ಹತ್ತೂವರೆಗೆ, ಅಲ್ಲಿ ಎಂಟಾದಾಗ, ಸಿಸ್ಟರಕ್ಕನ ಫೋನು. ಗೋಡೆಯ ಆ ಕಡೆಯಿಂದ ಆಂಟಿ ಜೋರಾಗಿ ಕೇಳುವುದು ನಮಗೂ ಕೇಳಿಸುತ್ತದೆ: 'ಸಾಪ್ಟಿಯಾ? ಊಟ ಆಯ್ತಾ?'

ಮಾಲ್ಡೀವ್ಸ್ ಅರ್ಜಿ ಇನ್ನೂ ಫೋನಿನಲ್ಲಿ ಅರ್ಧ ತುಂಬಿ ಕೂತಿದೆ. ಮೊನ್ನೆ ಅಮ್ಮನೇ ಕೇಳಿದರು, 'ಆ ಕಡೆಯ ಭಾಷೆ ಯಾವುದೇ? ಅಲ್ಲಿ ಮಕ್ಕಳು ಟೀಚರಿಗೆ ಏನಂತಾರೆ?'

ಗೊತ್ತಿಲ್ಲ ಅಂದೆ. 'ಮೊದಲು ಅದನ್ನ ಕಲಿ' ಅಂದು ಒಳಗೆ ಹೋದರು.

– ಬಿ.ಇಡಿ. ವಿದ್ಯಾರ್ಥಿನಿ, ಭದ್ರಾವತಿ